ದುಂಡವ್ವನ ಹೆಬ್ಬೆರಳು

ನಾನು ಒಂದು ಚಿತ್ರ. ಚೌಕಟ್ಟಿಗೆ ಬಿಗಿದ ಬಟ್ಟೆಯ ಮೇಲಿನ ಎಣ್ಣೆಬಣ್ಣ. ಧಾರವಾಡದ ಒಂದು ಚಿತ್ರಶಾಲೆಯಲ್ಲಿ ನನ್ನನ್ನು ಬರೆದವರು ಕೋಟೂರ ಮಾಸ್ತರು. ಎದುರಿಗೆ ಕೂತವಳು ದುಂಡವ್ವ, ಊರಿಗೆಲ್ಲ ಕಸೂತಿ ಹಾಕಿಕೊಡುತ್ತಿದ್ದವಳು, ಆಗ ತುಂಬು ಬಸುರಿ. ಸುಮ್ಮನೆ ಕೂರುವ ಜೀವವೇ ಅಲ್ಲ ಅವಳದು. ಹುಟ್ಟಲಿರುವ ಕೂಸಿನ ತಲೆಗೆಂದು ಕುಂಚಿಗೆಯೊಂದಕ್ಕೆ ನವಿಲು ಹಾಕುತ್ತ ಕೂತಳು. ಕೈ ಆಡಿದರೆ ಚಿತ್ರ ಕೆಡುತ್ತದೆಂದು ಮಾಸ್ತರು ಸೂಜಿ, ಬಟ್ಟೆ ಎರಡನ್ನೂ ತೆಗೆದಿಟ್ಟರು. ಸೂಜಿ ಹೋದರೇನು? ದುಂಡವ್ವ ಬೆರಳ ಗೆಣ್ಣಿನ ಮೇಲೆ ಹೆಬ್ಬೆರಳಿಟ್ಟು, ಮುಂದಿನ ನವಿಲಿಗೆ ಎಷ್ಟು ಎಳೆ ಬೇಕೆಂದು ಮನಸ್ಸಿನಲ್ಲೇ ಎಣಿಸತೊಡಗಿದಳು. ಎಣಿಕೆಯಲ್ಲಿ ಮುಳುಗಿದ ಮುಖ ನೋಡುವವರಿಗೆ ದುಃಖದ್ದೆಂಬಂತಿತ್ತು. ಮಾಸ್ತರು ಕಂಡದ್ದನ್ನು ಕಂಡಂತೆ ಬರೆದು, ‘ಅಗಲಿಕೆ’ ಎಂದು ಹೆಸರಿಟ್ಟರು. ನನಗೆ ನಗು ಬಂತು. ಹೇಳೋಣವೆಂದರೆ ಬಾಯಿ ಬಣ್ಣದ್ದು.

ಕೂಸು ಹುಟ್ಟಿದ ತಿಂಗಳೊಳಗೆ ದುಂಡವ್ವ ಜ್ವರ ಬಂದು ತೀರಿಕೊಂಡಳು. ನಾನು ಒಬ್ಬ ವಕೀಲರ ಮನೆ ಸೇರಿದೆ. ಅಲ್ಲಿಯ ಹೆಂಗಸರು ನನ್ನನ್ನು ಗಂಡ ಬಿಟ್ಟವಳೆಂದು ಮರುಗಿದರು. ವಕೀಲರು ಹೋದ ಮೇಲೆ ಕಾಲೇಜೊಂದರ ಗೋಡೆಗೆ ಬಂದೆ. ಅಲ್ಲಿಯ ಪ್ರೊಫೆಸರರು, ಇವಳು ಅಗಲಿಕೆಯ ದಿನಗಳನ್ನು ಎಣಿಸುತ್ತಿದ್ದಾಳೆ ಎಂದು ವರ್ಷವರ್ಷವೂ ಕೊರೆದರು. ಪಾಪ, ಎಣಿಸುತ್ತಿದ್ದಾಳೆ ಎಂಬುದರ ತನಕ ಸರಿಯಾಗಿಯೇ ಬಂದಿದ್ದರು.

ಒಂದು ದಿನ ಆ ಕಾಲೇಜಿಗೆ ಕಸೂತಿ ಕಲಿಸಲು ಕಲ್ಲವ್ವ ಬಂದಳು. ಅವಳೇ ಆ ಕೂಸು. ಆಗಲೇ ಐವತ್ತು ದಾಟಿತ್ತು. ನನ್ನೆದುರು ಬಂದು ನಿಂತರೂ ಮೊದಲು ಕಣ್ಣು ನೆಲದ ಮೇಲೆಯೇ ಇಟ್ಟಿದ್ದಳು. ಸಾಕಿದ ಅಜ್ಜಿ ಅವಳಿಗೆ ಜೀವನವಿಡೀ ಒಂದೇ ಮಾತು ಹೇಳಿ ಚುಚ್ಚಿದ್ದಳಂತೆ: “ನಿಮ್ಮವ್ವಗ ನೀ ಬ್ಯಾಡಾಗಿದ್ದಿ. ಆ ಚಿತ್ರದಾಗಿನ ಮಾರಿ ನೋಡು, ಗೊತ್ತಾಗತೈತಿ.” ಹೌದಾಗಿಬಿಟ್ಟರೆ ಎಂಬ ಹೆದರಿಕೆಗೇ ಅವಳು ಇಷ್ಟು ವರ್ಷ ನನ್ನ ಹತ್ತಿರ ಸುಳಿದಿರಲಿಲ್ಲ.

ಪ್ರೊಫೆಸರರು ಅಗಲಿಕೆಯ ಪಾಠ ಶುರು ಮಾಡಿದರು. ಕಲ್ಲವ್ವನಿಗೆ ಅದು ಕೇಳಿಸಲಿಲ್ಲ. ಅವಳು ನನ್ನ ಬೆರಳು ನೋಡುತ್ತಿದ್ದಳು, ಅವಳ ಹೆಬ್ಬೆರಳು ತಾನಾಗಿಯೇ ಅದೇ ಗೆಣ್ಣಿನ ಮೇಲೆ ಹೋಗಿ ಕೂತಿತ್ತು. ಆಮೇಲೆ ಬಗ್ಗಿ ಮೂಲೆಯಲ್ಲಿದ್ದ ತಾರೀಖು ಓದಿದಳು. ತಾನು ಹುಟ್ಟುವ ಹದಿನೈದು ದಿನ ಮುಂಚಿನದು. ಕೂಸಾಗಿದ್ದಾಗ ತಾನು ತೊಟ್ಟ ನವಿಲಿನ ಕುಂಚಿಗೆ ಯಾರು ಹಾಕಿದ್ದೆಂದು ಅವಳಿಗೆ ಅಲ್ಲಿಯತನಕ ಯಾರೂ ಹೇಳಿರಲಿಲ್ಲ.

“ಅವ್ವ ಅಳಾಕತ್ತಿಲ್ರೀ ಸರ್. ಎಳಿ ಎಣಸಾಕತ್ತಾಳ. ನನ್ನ ಕುಂಚಿಗಿಗೆ,” ಎಂದಳು.

ಹಾಗೆಂದವಳೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಪ್ರೊಫೆಸರರು ಮೊದಲ ಸಲ ನನ್ನ ಕೈ ನೋಡಿದರು.

ಈಗ ನನಗೆ ವಯಸ್ಸಾಗಿದೆ, ಬಣ್ಣ ಬಿರುಕು ಬಿಟ್ಟಿದೆ. ಕಸೂತಿ ಕೋಣೆಯ ಮೂಲೆಯಲ್ಲಿದ್ದೇನೆ. ಬಂದವರೆಲ್ಲ ನನ್ನ ಮುಖವನ್ನೇ ಓದಿ ಹೋದರಲ್ಲ ಎಂಬ ಬೇಸರ ಇತ್ತು, ಅದೂ ತೀರಿತು. ಕಲಿಯುವ ಹುಡುಗಿಯರು ಎಣಿಕೆ ತಪ್ಪಿದಾಗ ಕಲ್ಲವ್ವ ಬೈಯುವುದಿಲ್ಲ. ನನ್ನ ಕಡೆ ತೋರಿಸಿ, “ನಮ್ಮವ್ವನ ಕೈ ನೋಡ್ರಿ” ಅನ್ನುತ್ತಾಳೆ.