ಎರಡು ಗೂಟಗಳ ನಡುವಿನ ಜಾಗ

ಮನೆ ಕೊಳ್ಳಲು ಬಂದ ಹಲ್ಲಿನ ಡಾಕ್ಟರು ಒಳ್ಳೆಯ ಮನುಷ್ಯ. ಮುಂದೆ ನಡೆದದ್ದಕ್ಕೆ ಯಾರನ್ನಾದರೂ ಬೈಯಬೇಕು ಅನ್ನಿಸಿದಾಗಲೆಲ್ಲ ಮನೆ ಮಾರುತ್ತಿದ್ದ ದೊಡ್ಡವಳಿಗೆ ಮೊದಲು ನೆನಪಾಗುತ್ತಿದ್ದದ್ದು ಅವರ ಮುಖ. ಆದರೆ ಆ ಮುಖವನ್ನು ಬೈಯಲು ಅವಳಿಗೆ ಬಾಯಿ ಬರುತ್ತಿರಲಿಲ್ಲ. ಅವರು ಕಾಲಿನ ಮರಳು ಕೊಡವಿಕೊಂಡು ಒಳಗೆ ಬಂದರು. ಕಿಟಕಿ ಸರಳಿನ ತುಕ್ಕು ಮುಟ್ಟಿ ನೋಡಿದರೂ ಅದನ್ನೇ ನೆಪ ಮಾಡಿಕೊಂಡು ಬೆಲೆ ಇಳಿಸುವ ಮಾತೆತ್ತಲಿಲ್ಲ. ಸಮುದ್ರದ ಪಕ್ಕದಲ್ಲಿ ಕಬ್ಬಿಣ ತುಕ್ಕು ಹಿಡಿಯದೆ ಇನ್ನೇನು ಮಾಡೀತು ಎಂದರು. ಅವರ ಹೆಂಡತಿ ಮಹಡಿಯ ಕೋಣೆಯಲ್ಲಿ ಸುಮ್ಮನೆ ನಿಂತು ಅಲೆಯ ಸದ್ದು ಕೇಳಿಸಿಕೊಂಡು ಅಲ್ಲೇ ಮನಸ್ಸು ಮಾಡಿಬಿಟ್ಟರು. ಗಂಡನದು ಒಂದೇ ಕೋರಿಕೆ: ಮಾತು ಪಕ್ಕಾ ಮಾಡಿಕೊಳ್ಳುವ ಮೊದಲು ಜಾಗ ಅಳೆಸಬೇಕು.

"ತಪ್ಪು ತಿಳ್ಕೋಬೇಡಿ," ಎಂದರು. "ಹಲ್ಲು ಕೀಳೋ ಮುಂಚೆ ಎಕ್ಸ್‌ರೇ ತೆಗೀತೀವಲ್ಲ, ಹಾಗೇ ಇದು. ಬೇರು ಯಾವ ಕಡೆ ತಿರುಗಿದೆಯೋ ಹೊರಗಿಂದ ಯಾರಿಗೆ ಗೊತ್ತಾಗುತ್ತೆ?"

ದೊಡ್ಡವಳು ನಕ್ಕು, ಧಾರಾಳವಾಗಿ ಅಳೆಸಿ ಎಂದಳು. ಅವಳ ಪ್ರಕಾರ ಅಲ್ಲಿ ಮುಚ್ಚಿಡುವಂಥದ್ದು ಏನೂ ಇರಲಿಲ್ಲ.

ಅಲ್ಲಿದ್ದದ್ದು ಅಕ್ಕಪಕ್ಕದ ಎರಡು ಮನೆಗಳು. ದೊಡ್ಡವಳ ಮಾವ ತಮ್ಮ ಇಬ್ಬರು ಗಂಡುಮಕ್ಕಳಿಗೆಂದು ಒಂದೇ ಅಚ್ಚಿನಲ್ಲಿ ಕಟ್ಟಿಸಿದ್ದು. ದೊಡ್ಡ ಮಗನಿಗೆ ಇದು, ಚಿಕ್ಕವನಿಗೆ ಅದು ಎಂದು ಕೈ ತೋರಿಸಿ ಹೇಳಿದ್ದರೇ ಹೊರತು ನೆಲದ ಮೇಲೆ ಗೆರೆ ಎಳೆದಿರಲಿಲ್ಲ. ದೊಡ್ಡ ಮಗ ತೀರಿಕೊಂಡ ಮೇಲೆ ಈ ಮನೆಯಲ್ಲಿ ಉಳಿದವಳು ಅವನ ಹೆಂಡತಿ ದೊಡ್ಡವಳೊಬ್ಬಳೇ. ಆ ಮನೆಯಲ್ಲಿ ಮೈದುನ ಮತ್ತು ಅವನ ಹೆಂಡತಿ. ಮೈದುನ ದೋಣಿಯ ಇಂಜಿನ್ ರಿಪೇರಿ ಮಾಡುವವನು. ಬಂದರಿನಲ್ಲಿ ಎಲ್ಲರೂ ಅವನನ್ನು ಕರೆಯುವುದು ಗ್ರೀಸ್ ಎಂದೇ. ಅವನ ಹೆಂಡತಿ, ಅಂದರೆ ಚಿಕ್ಕವಳು, ಮದುವೆಯಾಗಿ ಬಂದಾಗ ಇನ್ನೂ ಹುಡುಗುಬುದ್ಧಿಯವಳು. ಒಲೆ ಹಚ್ಚುವುದರಿಂದ ಹಿಡಿದು ಗಂಡನ ಹತ್ತಿರ ಮುನಿಸಿಕೊಳ್ಳುವುದರವರೆಗೆ ಎಲ್ಲವನ್ನೂ ಅಕ್ಕನಿಂದಲೇ ಕಲಿತೆ ಎಂದು ತಾನೇ ಹೇಳಿಕೊಂಡು ನಗುತ್ತಿದ್ದಳು. ವಾರಗಿತ್ತಿಯರು ಅಂದರೆ ಜಗಳಕ್ಕೆ ಇನ್ನೊಂದು ಹೆಸರು ಎಂದುಕೊಂಡಿದ್ದ ಬೀದಿಯವರಿಗೆ ಇವರಿಬ್ಬರನ್ನು ನೋಡಿ ಸ್ವಲ್ಪ ನಿರಾಸೆಯೇ ಆಗಿತ್ತು.

ಎರಡು ಅಡುಗೆಮನೆಗಳ ನಡುವೆ ಒಂದು ಓಣಿಯಷ್ಟು ಜಾಗ. ಒಂದು ನಲ್ಲಿ, ಬಟ್ಟೆ ಒಗೆಯುವ ಕಲ್ಲು, ಎರಡೂ ಮನೆಯ ಮೊಳೆಗಳಿಗೆ ಬಿಗಿದ ತಂತಿ, ಅದರ ಮೇಲೆ ಎರಡೂ ಮನೆಯ ಬಟ್ಟೆ. ಮೈದುನ ತಳ್ಳುಗಾಡಿಯಲ್ಲಿ ಇಂಜಿನ್‌ಗಳನ್ನು ಹೇರಿಕೊಂಡು ಹಿತ್ತಲಿನ ಶೆಡ್ಡಿಗೆ ಒಯ್ಯುತ್ತಿದ್ದದ್ದೂ ಅದೇ ಜಾಗದಲ್ಲಿ. ಅದು ಯಾರದ್ದು ಎಂದು ಯಾರೂ ಕೇಳಿರಲಿಲ್ಲ. ಕೇಳಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ.

ಮಗಳು ಒಳನಾಡಿನ ಊರೊಂದರಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಳು. ಅವಳಿ ಮಕ್ಕಳು ಹುಟ್ಟಿದ ಮೇಲೆ ಅಮ್ಮ ಜೊತೆಗಿದ್ದರೆ ಚೆನ್ನ ಅನ್ನಿಸಿತ್ತು. ದೊಡ್ಡವಳ ಮಂಡಿಗಳೂ ಮಹಡಿ ಮೆಟ್ಟಿಲಿನ ಸಹವಾಸ ಸಾಕು ಎನ್ನುತ್ತಿದ್ದವು. ಊರು ಬಿಡುವುದಕ್ಕೆ ಅವಳಿಗೆ ಅಂಥ ಸಂಕಟವೇನೂ ಇರಲಿಲ್ಲ. ಇದ್ದದ್ದು ಒಂದೇ ಆಸೆ. ತನ್ನ ಮನೆ ಕೈಬಿಟ್ಟರೂ ಪಕ್ಕದ ಮನೆ ಕೈಬಿಡಬಾರದು; ವರ್ಷಕ್ಕೊಮ್ಮೆ ಬಂದರೆ ಚೀಲ ಇಳಿಸಲು ಅದು ತನ್ನದೇ ಜಾಗ ಅನ್ನಿಸಬೇಕು.

ಸರ್ವೇಯರ್ ಮಾತಿನ ಮಲ್ಲ, ಮೂರು ಕಾಲಿನ ಯಂತ್ರ ಹೊತ್ತು ಬಂದವನು. ಅವನಿಗೊಂದು ಪದ್ಧತಿಯಿತ್ತು. ಯಂತ್ರ ನಿಲ್ಲಿಸುವ ಮೊದಲು ಎರಡೂ ಕಡೆಯವರ ಕೈಗೆ ಒಂದೊಂದು ಗೂಟ ಕೊಟ್ಟು, ನಿಮ್ಮ ಜಾಗ ಎಲ್ಲಿಗೆ ಮುಗಿಯುತ್ತೋ ಅಲ್ಲಿ ನೀವೇ ಹೊಡೆಯಿರಿ ಎನ್ನುತ್ತಿದ್ದ. ತನ್ನ ಕೈಯಾರೆ ಹೊಡೆದ ಗೂಟವನ್ನು ಯಾರೂ ಆಮೇಲೆ ಕೀಳಲು ಬರುವುದಿಲ್ಲ ಎಂಬುದು ಅವನ ಅನುಭವ. ಒಬ್ಬರು ಹೊಡೆಯುವಾಗ ಇನ್ನೊಬ್ಬರು ನೋಡುವ ಹಾಗಿಲ್ಲ. ನೋಡಿದರೆ ಕಣ್ಣು ಕೈಯನ್ನು ಮುಂದಕ್ಕೆ ದೂಡುತ್ತದಂತೆ. ಎರಡು ಗೂಟ ಒಂದನ್ನೊಂದು ದಾಟಿದರೆ ಜಗಳ ಎಷ್ಟು ಅಗಲದ್ದು ಎಂದು ಅವನಿಗೆ ಆಗಲೇ ಗೊತ್ತಾಗಿಬಿಡುತ್ತಿತ್ತು.

ಮೊದಲು ದೊಡ್ಡವಳು ಹೋದಳು. ಮೈದುನ ಇಂಜಿನ್ ಎಳೆಯುವ ದಾರಿ, ಅವರದ್ದೇ ಇರಬೇಕು, ನನಗ್ಯಾಕೆ ಎಂದುಕೊಂಡು ತನ್ನ ಅಡುಗೆಮನೆ ಗೋಡೆಗೆ ಒತ್ತಿಕೊಂಡೇ ಗೂಟ ಹೊಡೆದಳು. ಆಮೇಲೆ ಚಿಕ್ಕವಳು. ಮನೆ ಮಾರುತ್ತಿರುವವಳು ಅಕ್ಕ, ಕೊಳ್ಳುವವರ ಮುಂದೆ ಅವಳ ಜಾಗ ಕಮ್ಮಿಯಾಗಿ ಕಾಣಬಾರದು ಎಂದು ಅವಳು ತನ್ನ ಹೊಸ್ತಿಲ ಬುಡದಲ್ಲೇ ಹೊಡೆದಳು. ಸರ್ವೇಯರ್ ಬಂದು ನೋಡಿದ. ಎರಡು ಗೂಟಗಳ ಮಧ್ಯೆ ನಲ್ಲಿ, ಒಗೆಯುವ ಕಲ್ಲು, ತಂತಿಯ ಮೇಲೆ ಒಣಗುತ್ತಿದ್ದ ಮೈದುನನ ಎರಡು ಬನಿಯನ್ನು, ಎಲ್ಲವೂ ಯಾರಿಗೂ ಸೇರದೆ ನಿಂತಿದ್ದವು.

"ಅಮ್ಮಾ," ಎಂದ ಅವನು, "ನಾನು ಕೆಲಸಕ್ಕೆ ಸೇರಿದಾಗಿನಿಂದ ನನ್ನದು ನನ್ನದು ಅನ್ನೋರನ್ನೇ ನೋಡಿದ್ದು. ಬೇಡ ಬೇಡ ಅಂತ ಬಿಟ್ಟು ಓಡೋರನ್ನ ಇವತ್ತೇ ನೋಡಿದ್ದು. ಇಬ್ಬರಿಗೂ ಬೇಡವಾದ್ರೆ ನನ್ನ ಹೆಸರಿಗೆ ಬರ್ಕೊಂಡುಬಿಡ್ಲಾ?"

ಎಲ್ಲರೂ ನಕ್ಕರು. ಚಿಕ್ಕವಳಂತೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಟೀ ಬಂತು. ಡಾಕ್ಟರ ಹೆಂಡತಿ, ಇಂಥ ನೆರೆಯವರು ಸಿಗಬೇಕಾದರೆ ನಾವು ಪುಣ್ಯ ಮಾಡಿರಬೇಕು ಎಂದರು. ಲೋಟಗಳು ಖಾಲಿಯಾಗುತ್ತಿದ್ದಂತೆ ಡಾಕ್ಟರು, ನಗು ಇನ್ನೂ ಮುಖದಲ್ಲಿರುವಾಗಲೇ ಕೇಳಿದರು: "ಹಾಗಾದ್ರೆ ಇದು ನಿಜವಾಗಿ ಯಾರದ್ದು?"

ಆ ಓಣಿಯಲ್ಲಿ ಈ ಪ್ರಶ್ನೆ ಕೇಳಿಬಂದದ್ದು ಅದೇ ಮೊದಲು.

ಸರ್ವೇಯರ್ ಎರಡೂ ನಿವೇಶನಗಳನ್ನು ಬೇರೆ ಬೇರೆ ಗುರುತಿಸಿದ್ದ ಹಳೆಯ ನಕಾಶೆ ಬಿಚ್ಚಿ, ಬೀದಿಯ ಮೂಲೆಯ ಬಾಂದುಕಲ್ಲಿನಿಂದ ಅಳತೆ ಹಿಡಿದ. ಮಧ್ಯಾಹ್ನದ ಹೊತ್ತಿಗೆ ಲೆಕ್ಕ ಕೂಡಿಬಂತು. ನಡುವಿನ ಜಾಗ ಅಷ್ಟೂ, ಚಿಕ್ಕವಳ ಹೊಸ್ತಿಲ ಬುಡದವರೆಗೂ, ದೊಡ್ಡ ಮನೆಗೆ ಸೇರಿದ್ದು. ಡಾಕ್ಟರ ಹೆಂಡತಿ ಒಮ್ಮೆ ಓಣಿಯ ಅಗಲವನ್ನೂ ಒಮ್ಮೆ ಬೀದಿಯಲ್ಲಿ ಬಿಸಿಲಿಗೆ ನಿಂತಿದ್ದ ತಮ್ಮ ಕಾರನ್ನೂ ನೋಡಿದರು. ಅದನ್ನು ನೋಡಿದ್ದು ದೊಡ್ಡವಳೊಬ್ಬಳೇ ಅಲ್ಲ. ಮೈದುನ ಎಣ್ಣೆ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಲೇ ಇದ್ದ. ಕೈ ಯಾವಾಗಲೋ ಚೊಕ್ಕಟವಾಗಿತ್ತು.

ಅಲ್ಲಿ ಕಾರು ನಿಂತು ದಾರಿ ಮುಚ್ಚಿಹೋದರೆ ಅವನ ಶೆಡ್ಡಿಗೆ ಇಂಜಿನ್ ಹೋಗುವುದು ಹೇಗೆ ಎಂಬ ಯೋಚನೆಯಲ್ಲಿ ದೊಡ್ಡವಳಿಗೆ ಅನ್ನ ಸೇರಲಿಲ್ಲ. ಸಂಜೆಯೇ ಡಾಕ್ಟರಿಗೆ ಫೋನ್ ಮಾಡಿದಳು. ಮನೆ ಕೊಡುತ್ತೇನೆ, ನಡುವಿನ ಜಾಗ ಕೊಡುವುದಿಲ್ಲ, ಅದಿಲ್ಲದೆ ಬೇಡವೆಂದರೆ ಬೇಸರವಿಲ್ಲ ಎಂದಳು. ಆ ಕಡೆ ಗಂಡಹೆಂಡಿರು ಏನೋ ಗುಸುಗುಸು ಮಾತಾಡಿಕೊಂಡರು. ಕೊನೆಗೆ ಡಾಕ್ಟರು, ಕಾರು ಬೀದಿಯಲ್ಲೇ ನಿಲ್ಲಲಿ ಬಿಡಿ, ಅದಕ್ಕೇನು ನೆಗಡಿಯಾಗುತ್ತಾ ಎಂದರು.

ಅವಳಿಗೆ ಗೆದ್ದ ಹಾಗಾಯಿತು. ಮಂಡಿ ನೋವನ್ನೂ ಮರೆತು ಓಣಿ ದಾಟಿ ಹೋದಳು. ಚಿಕ್ಕವಳು ಅಡುಗೆಮನೆಯ ಮಣೆಯ ಮೇಲೆ ಕೂತು ಗಂಡನ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ದೊಡ್ಡವಳು ಬಾಗಿಲಲ್ಲೇ ನಿಂತು, ಏದುಸಿರು ಬಿಡುತ್ತಾ, ಡಾಕ್ಟರ ಹತ್ತಿರ ಮಾತಾಡಿದ್ದನ್ನೆಲ್ಲ ಹೇಳಿದಳು. ಕೊನೆಗೆ, ಸಂತೋಷ ತಡೆಯಲಾರದೆ ಅಂದಳು:

"ಇನ್ನು ತಲೆಬಿಸಿ ಬೇಡ ಕಣೇ. ಆ ಜಾಗ ನೀವೇ ಇಟ್ಕೊಳ್ಳಿ. ನಾನು ಕೊಟ್ಟೆ."

ಚಿಕ್ಕವಳು ದಾರ ಕಚ್ಚಿ ತುಂಡರಿಸಿದಳು. ಅಂಗಿಯನ್ನು ಮಡಿಲ ಮೇಲೆ ಹರಡಿ ಗುಂಡಿ ಸರಿಯಾಗಿ ಕೂತಿದೆಯಾ ನೋಡಿದಳು.

"ಇಷ್ಟು ದಿನ ಕೊಟ್ಟಿದ್ರಾ ಅಕ್ಕ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯಲು ಕೇಳುವವಳ ಹಾಗೆ ಕೇಳಿದಳು. "ನಾನು ಸುಮ್ನೆ ಓಡಾಡ್ತಿದ್ದೆ. ಯಾರಾದ್ರೂ ಕೊಟ್ಟಿದ್ದು ಅಂತ ಗೊತ್ತಿರ್ಲಿಲ್ಲ."

ಹಾಗಲ್ಲ ಕಣೇ, ಹಾಗಲ್ಲ ಎಂದು ದೊಡ್ಡವಳು ಎಷ್ಟೋ ಬಗೆಯಲ್ಲಿ ಹೇಳಿದಳು. ಚಿಕ್ಕವಳು ಎಲ್ಲದಕ್ಕೂ ತಲೆಯಾಡಿಸಿದಳು. ಅವಳ ಆ ಒಪ್ಪಿಗೆಯೇ ದೊಡ್ಡವಳಿಗೆ ಭಯ ಹುಟ್ಟಿಸಿತು. ಅದಕ್ಕೆ ಮುಂಚೆ ಅವಳು ಅಕ್ಕನ ಯಾವ ಮಾತನ್ನೂ ಎದುರಾಡದೆ ಒಪ್ಪಿಕೊಂಡವಳಲ್ಲ.

ಮಾರನೆಯ ದಿನ ತಂತಿಯ ಮೇಲೆ ದೊಡ್ಡವಳ ಸೀರೆ ಒಂದೇ ಇತ್ತು. ಚಿಕ್ಕವಳು ಹಿತ್ತಲಿನ ಎರಡು ಕಂಬಗಳಿಗೆ ಹಗ್ಗ ಕಟ್ಟಿಕೊಂಡಿದ್ದಳು. ಮೈದುನ ತಳ್ಳುಗಾಡಿಯನ್ನು ಬೀದಿ ಸುತ್ತಿ, ಐಸ್ ಕಾರ್ಖಾನೆಯ ಹಿಂದಿನಿಂದ, ಮರಳಿನಲ್ಲಿ ಚಕ್ರ ಹೂತರೆ ಎತ್ತಿ ಎತ್ತಿ ತರತೊಡಗಿದ. ಇದೇನು ಹುಚ್ಚು ನಿಮ್ಮದು ಎಂದು ದೊಡ್ಡವಳು ಬೀದಿಯಲ್ಲೇ ಅವನನ್ನು ತಡೆದಳು. ಅವನು ಬೆವರು ಒರೆಸಿಕೊಂಡು, ಅವಳು ಬೇಡ ಅಂತಾಳೆ ಅತ್ತಿಗೆ, ನಾನೇನು ಮಾಡ್ಲಿ ಎಂದ. ಜಾಗವನ್ನು ಅವನ ಹೆಸರಿಗೆ ಮಾಡಿಸಲು ದೊಡ್ಡವಳು ಎಲ್ಲ ಸಿದ್ಧ ಮಾಡಿದಳು. ಅವನು ಇವತ್ತು ಇಂಜಿನ್, ನಾಳೆ ಇಂಜಿನ್ ಎಂದು ಮುಂದೂಡುತ್ತಾ ಹೋದ. ಅವನನ್ನು ತೊಡಕಿಗೆ ಸಿಕ್ಕಿಸುತ್ತಿರುವವಳು ತಾನೇ ಎಂದು ಕೊನೆಗೆ ಅರ್ಥವಾಗಿ ಅವಳೇ ಸುಮ್ಮನಾದಳು. ಮನೆ ಡಾಕ್ಟರ ಹೆಸರಿಗೆ ಹೋಯಿತು. ಓಣಿಯೊಂದು ಅವಳ ಹೆಸರಿನಲ್ಲೇ ಉಳಿಯಿತು.

ಆ ದಿನಗಳಲ್ಲಿ ಅವಳು ಸಾಮಾನು ಕಟ್ಟುತ್ತಾ ತನ್ನ ಮಾತನ್ನು ಮತ್ತೆ ಮತ್ತೆ ಬಿಚ್ಚಿ ನೋಡಿದಳು. ಕೊಟ್ಟೆ ಎನ್ನದೆ ಬೇರೆ ಏನನ್ನಬಹುದಿತ್ತು? ಇರಲಿ ಎನ್ನಬಹುದಿತ್ತು. ಡಾಕ್ಟರು ಜಾಗ ಬೇಡ ಅಂದರಂತೆ ಎಂದು ಸುಳ್ಳಾದರೂ ಹೇಳಬಹುದಿತ್ತು. ಇಲ್ಲವೇ ಏನೂ ಹೇಳದೆ ಹೋಗಿ, ಅವಳ ಪಕ್ಕ ಕೂತು, ಇನ್ನೊಂದು ಅಂಗಿಯ ಗುಂಡಿ ಹೊಲಿಯಬಹುದಿತ್ತು. ಯಾರದ್ದೂ ಅಲ್ಲದ ಹೊತ್ತಿನಲ್ಲಿ ಮಾತ್ರ ಆ ಓಣಿ ಇಬ್ಬರದ್ದೂ ಆಗಿತ್ತು. ತನ್ನದು ಎಂದು ಗೊತ್ತಾದ ಮೇಲೆ ಎಷ್ಟು ದೊಡ್ಡ ಮನಸ್ಸಿನಿಂದ ಕೊಟ್ಟರೂ ಕೊಟ್ಟ ಕೈ ಮೇಲೆಯೇ ಉಳಿಯುತ್ತದೆ. ಇದನ್ನು ಚಿಕ್ಕವಳಿಗೆ ಹೇಳಬೇಕು ಅನ್ನಿಸುತ್ತಿತ್ತು. ಹೇಳಲು ಹೊರಟರೆ ಅದೂ ಇನ್ನೊಂದು ಕೊಡುಗೆಯಂತೆ ಕೇಳಿಸೀತು ಎಂದು ಅಂಜಿಕೆಯಾಗುತ್ತಿತ್ತು.

ಹೊರಡುವ ಹಿಂದಿನ ದಿನ ಮುಂಬಾಗಿಲ ಗಂಟೆ ಸದ್ದು ಮಾಡಿತು. ಲಾರಿಯವನಿರಬೇಕು ಎಂದುಕೊಂಡು ತೆರೆದರೆ ಚಿಕ್ಕವಳು. ಒಗೆದ ಸೀರೆಯುಟ್ಟು, ತಲೆ ಬಾಚಿಕೊಂಡು, ಯಾರದೋ ಮನೆಗೆ ಹೋಗುವವಳ ಹಾಗೆ ನಿಂತಿದ್ದಳು. ಹಜಾರದಲ್ಲಿ ಕಟ್ಟಿಟ್ಟ ಪೆಟ್ಟಿಗೆಗಳ ನಡುವೆ ಉಳಿದಿದ್ದ ಒಂದೇ ಕುರ್ಚಿಯ ಅಂಚಿನಲ್ಲಿ ಕೂತಳು. ಲಾರಿ ಎಷ್ಟು ಹೊತ್ತಿಗೆ ಬರುತ್ತೆ, ಅವಳಿಗಳಿಗೆ ಕೆಮ್ಮು ಹೋಯಿತಾ, ಮಂಡಿಗೆ ಅಲ್ಲಿ ಒಳ್ಳೆ ಡಾಕ್ಟರಿದ್ದಾರಾ ಎಂದು ವಿಚಾರಿಸಿದಳು. ದೊಡ್ಡವಳು ನೀರು ತಂದುಕೊಟ್ಟಳು. ಅವಳು ಕುಡಿದು, ಲೋಟವನ್ನು ಕುರ್ಚಿಯ ಪಕ್ಕ ನೆಲದ ಮೇಲೆ ಮೆಲ್ಲಗೆ ಇಟ್ಟಳು. ಎದ್ದು ಹೋಗಿ ತೊಳೆದಿಡಲಿಲ್ಲ.

ಕಿಟಕಿಯಿಂದ ಗಾಳಿ ಬಂದು ಪೆಟ್ಟಿಗೆಗಳ ಮೇಲಿನ ಕಾಗದ ಅಲ್ಲಾಡಿತು. ಈಗ ಹೇಳುತ್ತೇನೆ ಎಂದು ದೊಡ್ಡವಳು ಉಸಿರು ತೆಗೆದುಕೊಂಡಳು. ಅಷ್ಟರಲ್ಲಿ ಚಿಕ್ಕವಳೇ ಬಾಯಿ ತೆರೆದಳು.

"ಮಧ್ಯದಲ್ಲಿ ಮರಳು ತುಂಬ್ಕೊಂಡಿದೆ ಅಕ್ಕ. ನಮ್ಮ ಬಾಗಿಲವರೆಗೂ ಬಂದಿದೆ. ನಾನು ಗುಡಿಸಬಹುದಾ?"

"ಅದನ್ನೂ ಕೇಳ್ಬೇಕೇನೇ?"

"ಈಗ ಕೇಳ್ಬೇಕಲ್ಲ."

ಚಿಕ್ಕವಳು ಅವಳ ಮುಖವನ್ನೇ ನೋಡುತ್ತಿದ್ದಳು. ಕೇಳಬೇಡ ಎಂದರೆ ಅವಳು ಗುಡಿಸುವುದಿಲ್ಲ. ಬೇಡ ಎಂದರೂ ಗುಡಿಸುವುದಿಲ್ಲ.

"ಗುಡಿಸು," ಎಂದಳು ದೊಡ್ಡವಳು.

ಚಿಕ್ಕವಳು ಆಗಲಿ ಎಂದು ಎದ್ದಳು. ಮುಂಬಾಗಿಲಿನಿಂದಲೇ ಹೊರಗೆ ಹೋಗಿ, ಬೀದಿ ಸುತ್ತಿಕೊಂಡು ತನ್ನ ಮನೆಗೆ ನಡೆದಳು. ಸ್ವಲ್ಪ ಹೊತ್ತಿಗೆ ಅಡುಗೆಮನೆ ಗೋಡೆಯಾಚೆ ಪೊರಕೆಯ ಸದ್ದು ಶುರುವಾಯಿತು. ದೊಡ್ಡವಳು ಲೋಟ ಎತ್ತಿಕೊಳ್ಳಲು ಬಗ್ಗಿದವಳು ಹಾಗೇ ಕುರ್ಚಿ ಹಿಡಿದುಕೊಂಡು, ಆ ಸದ್ದು ನಿಲ್ಲುವವರೆಗೆ ನಿಂತಿದ್ದಳು.