ಅಡ್ಡಮಾತಿನ ಲೆಕ್ಕ

ನಮ್ಮ ಸಂವಹನ ವಿಭಾಗದಲ್ಲಿ ಹೆಂಗಸರೇ ಹೆಚ್ಚು. ಆದರೆ ಯಾವ ಸಂಶೋಧನಾ ವರದಿಯ ಮುಖಪುಟ ನೋಡಿದರೂ ಮೊದಲ ಹೆಸರು ಗಂಡಸಿನದೇ. ಈ ಸಲ ವಿಭಾಗದ ಮುಖ್ಯಸ್ಥೆಯಾದ ಮೇಡಂ ಆ ರೂಢಿ ಮುರಿದು, ಸಂಜೆ ಕಾಲೇಜಿನಲ್ಲಿ ಓದಿ ಬಂದ ನನ್ನನ್ನು ಮುಖ್ಯ ಸಂಶೋಧಕಿ ಮಾಡಿದ್ದರು.

ವಿಷಯ ಸರಳ: ವಿಶ್ವವಿದ್ಯಾಲಯದ ಸಭೆಗಳಲ್ಲಿ ಯಾರು ಯಾರ ಮಾತಿಗೆ ಅಡ್ಡ ಬರುತ್ತಾರೆ? ಧ್ವನಿಮುದ್ರಣ ಕೇಳಬೇಕು, ಒಬ್ಬರು ಮಾತಾಡುತ್ತಿರುವಾಗ ಇನ್ನೊಬ್ಬರ ದನಿ ಬಂದರೆ ‘ಅಡ್ಡಮಾತು’ ಎಂದು ಗುರುತು ಹಾಕಬೇಕು. ನಿಯಮ ಬರೆದವಳು ನಾನೇ. ಎಲ್ಲಿ ಪಕ್ಷಪಾತವಾಗಿಬಿಡುತ್ತದೋ ಎಂದು ಹೆದರಿ ಯಾವ ವಿನಾಯಿತಿಯನ್ನೂ ಇಟ್ಟಿರಲಿಲ್ಲ.

ಫಲಿತಾಂಶ ನಾವು ಯಾರೂ ಎಣಿಸದ ಹಾಗೆ ಬಂತು. ಗಂಡಸರಿಗಿಂತ ಹೆಂಗಸರೇ ಬಹಳ ಹೆಚ್ಚು ಅಡ್ಡಮಾತಾಡುತ್ತಾರಂತೆ. ನಮ್ಮ ಹಿರಿಯ ಪ್ರಾಧ್ಯಾಪಕರೊಬ್ಬರಿಗೆ ಹಾಲು ಕುಡಿದಷ್ಟು ಸಂತೋಷ. ಮೈಕು ಕೈಗೆ ಸಿಕ್ಕರೆ ಬಿಡದ ಅವರಿಗೆ ವಿದ್ಯಾರ್ಥಿಗಳು ಮೈಕಾಸುರ ಎಂದು ಹೆಸರಿಟ್ಟಿದ್ದರು.

“ನಾವು ಗಂಡಸರು ಹೇಳಿದ್ರೆ ತಪ್ಪಾಗುತ್ತಮ್ಮ. ಈಗ ನೀವೇ ಹೇಳ್ತಿದ್ದೀರಿ. ಒಂದಕ್ಷರ ಬದಲಾಯಿಸಬೇಡಿ,” ಎಂದರು.

ನನಗೆ ಒಳಗೊಳಗೇ ಕಸಿವಿಸಿ. ಆದರೆ ಕಸಿವಿಸಿ ಇಲ್ಲದ ದಿನ ನನಗೆ ಯಾವುದಿದೆ? ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ನಡುದಾರಿಯಲ್ಲಿ ಬಸ್ಸಿಳಿದು ಮನೆಗೆ ವಾಪಸ್ ಹೋದವಳು ನಾನು. ಹಾಗಾಗಿ ಅದಕ್ಕೆ ಬೆಲೆ ಕೊಡಲಿಲ್ಲ.

ಈ ಫಲಿತಾಂಶ ಮಂಡಿಸಬೇಕಿದ್ದ ವಿಚಾರ ಸಂಕಿರಣದ ಹಿಂದಿನ ಸಂಜೆ ಅಡುಗೆಮನೆಯಲ್ಲಿ ಅತ್ತೆಯ ಮುಂದೆ ನನ್ನ ಪ್ರಬಂಧ ಓದಿ ಅಭ್ಯಾಸ ಮಾಡುತ್ತಿದ್ದೆ. ಅವರು ಬೀನ್ಸಿನ ನಾರು ತೆಗೆಯುತ್ತ ಹೂಂ, ಹೂಂ, ಹೌದಾ, ಅಯ್ಯೋ ಎನ್ನುತ್ತಿದ್ದರು. ನನ್ನ ಬೆರಳು ಅಭ್ಯಾಸಬಲದಿಂದ ಮೇಜಿನ ಮೇಲೆ ಗುರುತು ಹಾಕುತ್ತಲೇ ಇತ್ತು.

“ಅತ್ತೆ, ನಡುವೆ ಮಾತಾಡಿದ್ರೆ ನಂಗೆ ತಪ್ಪಿಹೋಗುತ್ತೆ.”

“ನಾನೆಲ್ಲಿ ಮಾತಾಡ್ದೆ? ಹೂಂಗುಟ್ಟಿದೆ ಅಷ್ಟೆ. ನನ್ನ ಕಿವಿಗೆ ಬೀಳ್ತಿದೆ ಅಂತ ನಿಂಗೆ ಗೊತ್ತಾಗ್ಬೇಡ್ವಾ? ಬೇಡ ಅಂದ್ರೆ ಅಲ್ಲಿ ಗೋಡೆ ಇದೆ, ಅದಕ್ಕೇ ಹೇಳ್ಕೋ.”

ನಾನು ಓದುವುದನ್ನು ನಿಲ್ಲಿಸಿದೆ. ಲ್ಯಾಪ್‌ಟಾಪ್ ತೆರೆದು ಒಂದು ಸಭೆಯ ಧ್ವನಿ ಹಾಕಿ, ಗುರುತು ಬಿದ್ದ ಜಾಗಗಳನ್ನೇ ಹುಡುಕಿ ಕೇಳಿದೆ. ‘ಹೂಂ.’ ‘ಹೌದು ಸರ್.’ ‘ಸರಿ, ಸರಿ.’ ಹೆಚ್ಚಿನವು ಹೆಂಗಸರ ದನಿಗಳೇ. ಇವರು ಯಾರೂ ಮಾತು ಕಿತ್ತುಕೊಂಡವರಲ್ಲ. ಮಾತಾಡುತ್ತಿದ್ದವರ ಬೆನ್ನು ತಟ್ಟಿದವರು. ಅವರನ್ನೆಲ್ಲ ನಾನು ಕಟಕಟೆಯಲ್ಲಿ ನಿಲ್ಲಿಸಿದ್ದೆ.

“ಏನಾಯ್ತೇ? ಮುಖ ಯಾಕೆ ಹಾಗೆ?”

“ಲೆಕ್ಕವೇ ತಪ್ಪಾಗಿದೆ ಅತ್ತೆ. ನಾಳೆ ಇದನ್ನ ಓದಿದ್ರೆ ಸುಳ್ಳು ಹೇಳಿದ ಹಾಗೆ. ಓದದಿದ್ರೆ, ಹೆಂಗಸಿನ ಕೈಗೆ ಕೊಟ್ಟಿದ್ದಕ್ಕೆ ಹೀಗಾಯ್ತು ಅಂತಾರೆ.”

“ಅನ್ನೋರ ಬಾಯಿಗೆ ಬೀಗ ಹಾಕೋಕಾಗುತ್ತಾ? ಮೊದಲು ನಿಮ್ಮ ಮೇಡಂಗೆ ಫೋನ್ ಮಾಡು.”

ಮಾಡಿದೆ. ತಪ್ಪನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಆ ಕಡೆಯಿಂದ ಸದ್ದೇ ಇಲ್ಲ.

“ಮೇಡಂ, ಲೈನಲ್ಲಿದ್ದೀರಾ?”

“ಇದ್ದೀನಿ. ಹೂಂ ಅಂದ್ರೆ ನೀನು ಗುರುತು ಹಾಕ್ತೀಯಲ್ಲ, ಅದಕ್ಕೇ ಸುಮ್ನಿದ್ದೆ.”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. “ನನ್ನ ಹೆಸರು ತೆಗೆದುಬಿಡಿ ಮೇಡಂ,” ಎಂದೆ.

“ನಿನ್ನ ನಿಯಮ ಓದಿ ಒಪ್ಪಿದ್ದು ನಾನು. ತೆಗೆಯೋದಾದ್ರೆ ಮೊದಲು ನಂದು. ನಾಳೆ ನೀನೇ ನಿಂತು, ಈಗ ಹೇಳಿದ್ದನ್ನೇ ಹೇಳು. ಸ್ವಲ್ಪ ಉಸಿರಾಡ್ಕೊಂಡು ಹೇಳು.”

ಮರುದಿನ ಮೈಕಿನ ಕಂಬ ನನಗಿಂತ ಎತ್ತರವಿತ್ತು. ಬಗ್ಗಿಸಲು ಹೋದರೆ ಕಿರ್ರೆಂದಿತು, ಸಭೆಯೆಲ್ಲ ನನ್ನತ್ತ ನೋಡಿತು. ಫಲಿತಾಂಶ ಹಿಂತೆಗೆದುಕೊಂಡಿದ್ದೇವೆ ಎಂದೆ. ಆಮೇಲೆ ಎರಡು ತುಣುಕು ಕೇಳಿಸಿದೆ: ಒಂದರಲ್ಲಿ ಒಬ್ಬಾಕೆ ‘ಹೂಂ, ಹೌದು’ ಎನ್ನುತ್ತಾಳೆ, ಇನ್ನೊಂದರಲ್ಲಿ ಒಬ್ಬರು ‘ಅದಿರಲಿ ಬಿಡಿ’ ಎಂದು ಮಾತನ್ನೇ ಕತ್ತರಿಸುತ್ತಾರೆ. ನಮ್ಮ ಲೆಕ್ಕದಲ್ಲಿ ಎರಡಕ್ಕೂ ಒಂದೇ ಗುರುತು. ಸಭೆಯಲ್ಲಿ ಗುಸುಗುಸು ಎದ್ದಿತು.

ಮೈಕಾಸುರ ಎದ್ದು ನಿಂತರು. “ಹಾಗಾದ್ರೆ ಇಷ್ಟು ದಿನ ಮಾಡಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಅನ್ನಿ.”

“ಇಲ್ಲ ಸರ್. ಧ್ವನಿಯೆಲ್ಲ ಇದೆ. ಗುರುತು ಮಾತ್ರ ಮತ್ತೆ ಹಾಕ್ಬೇಕು.”

“ಈ ಸಲ ತಪ್ಪು ನಮ್ಮ ಗಂಡಸರ ಮೇಲೆ ಬರುತ್ತೆ ಅಂತ ಈಗಲೇ ಬರ್ಕೊಳ್ಲಾ?”

“ಗೊತ್ತಿಲ್ಲ ಸರ್. ಗೊತ್ತಿದ್ದಿದ್ರೆ ಎಣಿಸೋದು ಯಾಕೆ?”

ಯಾರೋ ನಕ್ಕರು. ಆಮೇಲೆ ಅವರೂ ನಕ್ಕು ಕೂತರು. ಗೋಷ್ಠಿಯ ಅಧ್ಯಕ್ಷೆ ಬೇರೆ ಸಂಸ್ಥೆಯ ಹಿರಿಯರು. ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಹೇಳಿದರು:

“ನಮ್ಮಲ್ಲೂ ಹೀಗೇ ಎಣಿಸಿಬಿಟ್ಟಿದ್ದೀವಿ. ಪುಣ್ಯಕ್ಕೆ ಇನ್ನೂ ಅಚ್ಚಿಗೆ ಹೋಗಿಲ್ಲ. ಹೊಸ ನಿಯಮ ನೀವೇ ಬರೆದು ಕಳಿಸ್ತೀರಾ? ಎರಡೂ ಕಡೆಯವರು ಸೇರಿ ಮಾಡೋಣ, ನೀವು ಮುಂದೆ ನಿಲ್ಲಿ.”

ಮೇಡಂ ಕಡೆ ನೋಡಿದೆ. ಅವರು ಬೇಕೆಂದೇ ಕಿಟಕಿಯಾಚೆ ನೋಡುತ್ತಿದ್ದರು.

“ಬರೀತೀನಿ,” ಎಂದೆ. “ಆದ್ರೆ ತಪ್ಪು ಹುಡುಕೋದಕ್ಕೆ ನಿಮ್ಮ ಕಡೆಯಿಂದ ಒಬ್ಬರು ನನ್ನ ಪಕ್ಕದಲ್ಲೇ ಕೂರಬೇಕು.”

“ಅದಕ್ಕೇನು, ಕಳಿಸೋಣ,” ಎಂದರು.

ಊಟದ ಸಾಲಿನಲ್ಲಿ ನಿಂತಾಗ ಬೆಳಗಿನಿಂದ ಏನೂ ತಿಂದಿಲ್ಲವೆಂದು ನೆನಪಾಯಿತು. ಎರಡನೆಯ ಸಲ ಬಡಿಸಿಕೊಂಡೆ. ಮೇಡಂ ನನ್ನ ತಟ್ಟೆ ನೋಡಿದರು.

“ನಿಧಾನ ಕಣೆ. ಮಧ್ಯಾಹ್ನದ ಗೋಷ್ಠಿಯಲ್ಲಿ ನಿದ್ದೆ ಬಂದೀತು.”

“ಬರಲಿ ಮೇಡಂ,” ಎಂದೆ.

ಬಂತು ಕೂಡ.