ಗೆದ್ದವರ ಹೆಗಲು

"ಬಗ್ಗಿಸು," ಎಂದ ಪೂವಯ್ಯ.

ದೇರಪ್ಪ ಬೆಂಚಿನ ಅಂಚು ಹಿಡಿದು ಮೊಣಕಾಲನ್ನು ಅರ್ಧ ಬಗ್ಗಿಸಿದ. ಅದು ಊದಿ ಹೊಳೆಯುತ್ತಿತ್ತು.

"ಡಾಕ್ಟರು ಎಂತ ಹೇಳಿದ್ರು ಸಾರ್?"

ಇನ್ನೊಂದು ಪೆಟ್ಟು ಬಿದ್ದರೆ ಹುಡುಗ ಈ ಕಾಲನ್ನು ಮರೆಯಬೇಕು ಎಂದಿದ್ದರು ಡಾಕ್ಟರು. ಟೀಮಿನ ಮ್ಯಾನೇಜರ್ ಎಂದು ಪೂವಯ್ಯನೊಬ್ಬನನ್ನೇ ನಿನ್ನೆ ಹೊರಗೆ ಕರೆದು ಹೇಳಿದ್ದರು.

ತರ್ಕಶಾಸ್ತ್ರದ ಲೆಕ್ಚರರ್ ಅವನು. ಮದುವೆಯಾಗಿಲ್ಲ, ಸಂಜೆ ಬಿಡುವಿರುತ್ತದೆ ಎಂದು ಪ್ರಿನ್ಸಿಪಾಲರು ಈ ಫುಟ್‌ಬಾಲನ್ನು ಅವನ ಕುತ್ತಿಗೆಗೆ ಕಟ್ಟಿದ್ದರು. ಹುಡುಗರು ಹಾಸನ, ಶಿವಮೊಗ್ಗ, ತುಮಕೂರು ಎಂದು ಗೆಲ್ಲುತ್ತ ಬಂದಂತೆ ಮಡಿಕೇರಿಗೆ ಹುಚ್ಚು ಹಿಡಿಯಿತು. ಸ್ವಂತ ರಾಜ್ಯವಾಗಿದ್ದ ನಾಡು ಮೈಸೂರಿಗೆ ಸೇರಿ ಬರೀ ಜಿಲ್ಲೆಯಾಗಿ ಕೆಲವೇ ವರ್ಷಗಳಾಗಿದ್ದವು. ಹೋದ ಮಾನವೆಲ್ಲ ಒಂದು ಕಪ್ಪಿನಲ್ಲಿ ತುಂಬಿಕೊಂಡು ವಾಪಸು ಬರುತ್ತದೆಂದು ವಕೀಲರೂ ಪ್ಲಾಂಟರುಗಳೂ ಕ್ಲಬ್ಬಿನಲ್ಲಿ ಕೂತು ನಂಬಿದ್ದರು. ಇವತ್ತು ಫೈನಲ್. ಎದುರಿಗೆ ಮೈಸೂರಿನವರು.

ಬಟ್ಟೆ ಬದಲಿಸಲು ಅವನ ಕ್ಲಾಸನ್ನೇ ಕೊಟ್ಟಿದ್ದರು. ಬೋರ್ಡಿನ ಮೇಲೆ ಅವನು ಬರೆದಿದ್ದ ತರ್ಕವನ್ನು ಯಾರೋ ಅರ್ಧ ಒರೆಸಿ ಆಟದ ಯೋಜನೆಯ ಬಾಣಗಳನ್ನು ಎಳೆದಿದ್ದರು.

"ನೋವಿದೆಯಾ?"

"ಸ್ವಲ್ಪ."

"ನಿನ್ನ ಕಾಲು ನಿನಗೇ ಗೊತ್ತಲ್ಲ."

"ಬರುವ ತಿಂಗಳು ಮಿಲಿಟರಿ ಸೆಲೆಕ್ಷನ್ ಉಂಟು ಸಾರ್, ಅದಕ್ಕೇ ಕೇಳಿದ್ದು. ನೀವು ಬೇಡ ಅಂದ್ರೆ ಇಲ್ಲೇ ಕೂರ್ತೇನೆ."

ಬೇಡ ಎನ್ನಬಹುದಿತ್ತು. ಎರಡಕ್ಷರ. ಆದರೆ ಆಮೇಲೆ ಊರೆಲ್ಲ ಕಾರಣ ಕೇಳುತ್ತದೆ; ಇಂಥ ಮೂರ್ಖರಿಗೆ ವಿವರಣೆ ಕೊಡುತ್ತ ನಿಲ್ಲುವುದು ತನ್ನಿಂದಾಗದು ಎನ್ನಿಸಿತು. ಅದು ಭಯವೆಂದು ಗೊತ್ತಿತ್ತು. ತಿರಸ್ಕಾರ ಎಂದುಕೊಂಡರೆ ಹಿತವಾಗಿತ್ತು.

ಕ್ಯಾಪ್ಟನ್ ನಾಣಯ್ಯ ಬಾಗಿಲಲ್ಲಿ ಇಣುಕಿದ. "ಇವ ಆಡ್ತಾನಲ್ಲ ಸಾರ್?"

"ನೀವು ನೀವೇ ನೋಡಿಕೊಳ್ಳಿ," ಎಂದು ಪೂವಯ್ಯ ಕನ್ನಡಕ ಒರೆಸಿದ.

"ಸಾರ್ ಒಪ್ಪಿದ್ರು, ಬಾರೋ!"

ದೇರಪ್ಪ ಒಮ್ಮೆ ಪೂವಯ್ಯನ ಮುಖ ನೋಡಿದ. ಅಲ್ಲಿ ಏನೂ ಸಿಗದೆ ಬಗ್ಗಿ ಬೂಟಿನ ದಾರ ಬಿಗಿದ.

ಆಟ ಮುಗಿಯುತ್ತ ಬಂದರೂ ಯಾರೂ ಗೋಲು ಹೊಡೆದಿರಲಿಲ್ಲ. ಕುಂಟುತ್ತಿದ್ದ ದೇರಪ್ಪನನ್ನು ಮೈಸೂರಿನವರು ಕಾಯುವುದನ್ನೇ ಬಿಟ್ಟಿದ್ದರು. ನಾಣಯ್ಯ ತಳ್ಳಿದ ಚೆಂಡು ಅವನ ಮುಂದೆ ಉರುಳಿ ಬಂತು. ಊದಿದ ಕಾಲಿನಿಂದಲೇ ಒದ್ದ. ಚೆಂಡು ಬಲೆಗೆ ಬಿತ್ತು. ತಡೆಯಲು ಹಾರಿದ ಗೋಲ್‌ಕೀಪರ್ ಆ ಕಾಲಿನ ಮೇಲೆ ಬಿದ್ದ.

ಪೂವಯ್ಯ ಕಿರುಚುತ್ತಿದ್ದ. ಗುರುತಿಲ್ಲದ ಯಾರನ್ನೋ ತಬ್ಬಿಕೊಂಡಿದ್ದ. ತನ್ನದೇ ಗಂಟಲು ಕಿವಿಗೆ ಬಿದ್ದಾಗ ಹೇಸಿಗೆಯಾಯಿತು, ಆದರೂ ನಿಲ್ಲಿಸಲಿಲ್ಲ.

ಸೀಟಿ ಊದಿದ ಮೇಲೆ ದೇರಪ್ಪನನ್ನು ಬೆಂಚಿನ ಮೇಲೆ ಮಲಗಿಸಿ ಹೊತ್ತು ತಂದರು. ಕಾಲು ಬೇರೆ ಯಾರದೋ ಎಂಬಂತೆ ಪಕ್ಕಕ್ಕೆ ತಿರುಗಿತ್ತು.

"ನೀವು ಆಸ್ಪತ್ರೆಗೆ ಬನ್ನಿ ಸಾರ್. ಅವ್ವ ಸೋಮವಾರಪೇಟೆಯಿಂದ ಬರೋದು ನಾಳೆಯೇ." ದೇರಪ್ಪ ತಲೆ ಎತ್ತಿ ಕೇಳಿದ: "ಡಾಕ್ಟರು ಇದನ್ನೇ ಹೇಳಿದ್ದಾ?"

"ಬರ್ತೇನೆ. ನೀನು ನಡಿ."

ನಡಿ ಎಂದದ್ದು ಬಾಯಿಂದ ಹೊರಬಿದ್ದ ಮೇಲೆ ತಿಳಿಯಿತು. ದೇರಪ್ಪ ಕಣ್ಣು ಮುಚ್ಚಿಕೊಂಡ.

"ನಮ್ಮ ಮ್ಯಾನೇಜರ್!" ಎಂದು ಪ್ರಿನ್ಸಿಪಾಲರು ಕೂಗಿದ್ದೇ ತಡ, ಜನ ಪೂವಯ್ಯನನ್ನು ಹೆಗಲಿಗೇರಿಸಿದರು. ವಾಲಗ ಮುಂದೆ, ಕಪ್ಪು ಅದರ ಹಿಂದೆ, ಅವನು ಕಪ್ಪಿನ ಹಿಂದೆ. ಬೆವರು, ಬ್ರಾಂದಿ ವಾಸನೆ. ಈ ಕುರಿಗಳು ತನ್ನನ್ನು ಎಷ್ಟು ಎತ್ತರದಲ್ಲಿಟ್ಟಿವೆ ಎಂದು ಅವನಿಗೆ ನಗು ಬಂತು.

ಆಸ್ಪತ್ರೆಯ ಗೇಟು ಬಂತು.

"ಇಳಿಸಿ. ನನ್ನನ್ನು ಇಲ್ಲಿ ಇಳಿಸಿ."

ವಾಲಗದ ಸದ್ದಿನಲ್ಲಿ ಅದು ಜಯಕಾರದಂತೆ ಕೇಳಿಸಿರಬೇಕು. ಕೆಳಗಿನವರು "ಜೈ" ಎಂದರು. ಇನ್ನೊಮ್ಮೆ ಕೂಗಬಹುದಿತ್ತು. ಗೇಟು ಹಿಂದೆ ಸರಿಯುವವರೆಗೆ ಸುಮ್ಮನಿದ್ದ.

ರಸ್ತೆ ಇಳಿಜಾರಿಗೆ ತಿರುಗಿತು. ಕೆಳಗೆಲ್ಲ ಮಂಜು. ವಾಲಗ ಅದರೊಳಗೆ ಹೋಯಿತು, ಕಪ್ಪು ಹೋಯಿತು, ಹೊತ್ತವರ ತಲೆಗಳೂ ಒಂದೊಂದಾಗಿ ಮುಳುಗಿದವು. ಅವನು ಬಗ್ಗಿ ನೋಡಿದ. ಬಿಳುಪಿನ ಮೇಲೆ ಅವನ ಎರಡು ಕಾಲುಗಳು ಮಾತ್ರ, ಯಾವ ನೆಲವನ್ನೂ ಮುಟ್ಟದೆ, ಜೋತಾಡುತ್ತ ಮುಂದೆ ಮುಂದೆ ಹೋಗುತ್ತಿದ್ದವು.